ಅವ್ವ ಗುಂಡು ಅಂತಿದ್ದದ್ದು

ಮಿಯಾಪುರದ ಮೆಟ್ರೊ ಮೆಟ್ಟಿಲ ಕೆಳಗೆ ಚಪ್ಪಲಿ ಹೊಲಿಯುವವನೊಬ್ಬ ಕೂರುತ್ತಾನೆ. ಹೋದ ವಾರ ಚಪ್ಪಲಿಯ ಬಾರು ಕಿತ್ತು ಅವನ ಮುಂದೆ ನಿಂತಾಗ, ಅವನು ಯಾರದೋ ಒಣಗಿದ ಬೂಟಿಗೆ ಔಡಲೆಣ್ಣೆ ಹಚ್ಚಿ ತಿಕ್ಕುತ್ತಿದ್ದ. ತೊಗಲಿಗೆ ಔಡಲೆಣ್ಣೆ ಸೇರಿದ ವಾಸನೆ. ನಾನು ಮೆಟ್ಟಿಲ ಕಂಬಿ ಹಿಡಿದುಕೊಂಡೆ. ಮುದುಕಿ, ನಿಲ್ಲಲಾರಳು ಎಂದುಕೊಂಡು ಅವನು ಸ್ಟೂಲು ಸರಿಸಿಕೊಟ್ಟ. ವಯಸ್ಸಿಗೆ ಹಿಡಿದದ್ದಲ್ಲ. ಏಳು ವರ್ಷದವಳಿದ್ದಾಗ ಆ ವಾಸನೆಗೆ ಹೆದರಿದ್ದೆ. ಎಂಬತ್ತು ದಾಟಿದರೂ ಆ ಹೆದರಿಕೆ ಹೋಗಿಲ್ಲ.

ಆಗ ನಾವು ನಾರಾಯಣಗೂಡದಲ್ಲಿದ್ದೆವು. ಎರಡು ಖೋಲಿ, ಮುಂದೆ ಕಟ್ಟೆ, ಹಿತ್ತಲಲ್ಲಿ ಬಚ್ಚಲು ಮತ್ತು ಬಾವಿ. ರಾಯಚೂರಿನಿಂದ ಬಂದ ಮನೆತನ ನಮ್ಮದು. ಅಪ್ಪ ತೀರಿಹೋಗಿದ್ದ. ಅವ್ವ, ನಾನು, ನನಗಿಂತ ಹದಿಮೂರು ವರ್ಷಕ್ಕೆ ದೊಡ್ಡವನಾದ ಅಣ್ಣ ಗುರುನಾಥ, ಇಷ್ಟೇ ಮಂದಿ. ಹೈದರಾಬಾದು ಆಗ ನಿಜಾಮರ ದೇಶ. ಅದಕ್ಕೆ ಅದರದೇ ರೊಕ್ಕ, ಅದರದೇ ಟಪಾಲು, ಅದರದೇ ರೈಲು. ಅದರದೇ ಒಂದು ಫುಟ್‌ಬಾಲ್ ಟೀಮೂ ಇತ್ತು. ಅಣ್ಣ ಅದರಲ್ಲಿ ಆಡುತ್ತಿದ್ದ. ಹಳದಿ ಅಂಗಿ, ಬರಿಗಾಲು. ಹನ್ನೊಂದು ಮಂದಿಯಲ್ಲಿ ಕನ್ನಡದವನು ಇವನೊಬ್ಬನೇ. ಆಟ ಮುಗಿಸಿ ಎಲ್ಲರೂ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ಬೆವರು, ಮಣ್ಣು, ನಗೆ. ಅವ್ವ ದೂರದಿಂದ ಎಲೆಗೆ ಹಾಕಿದ ಮೆಣಸಿನಕಾಯಿ ಬಜ್ಜಿ ತಿಂದು, "ಅಮ್ಮಾಜಾನ್, ಔರ್ ದೋ" ಎನ್ನುತ್ತಿದ್ದರು. "ಹೊಟ್ಟಿ ಅದಾವೋ ಜೋಳ ತುಂಬೂ ಹಗೇವು ಅದಾವೋ ಇವಕ್ಕ" ಎಂದು ಬೈಯುತ್ತಲೇ ಅವಳು ಮತ್ತೊಂದು ಬಾಣಲೆ ಕರಿಯುತ್ತಿದ್ದಳು.

ಅವ್ವನಿಗೆ ಸಿಟ್ಟಿದ್ದದ್ದು ಆಟದ ಮೇಲಲ್ಲ, ತೊಗಲಿನ ಮೇಲೆ. ಮಡಿಯ ಮನೆ ನೋಡಿ. ಅಣ್ಣ ತನ್ನ ಎರಡು ಚೆಂಡುಗಳಿಗೆ ಔಡಲೆಣ್ಣೆ ಉಜ್ಜಿ, ಗಾಳಿ ತೆಗೆದು, ಬಚ್ಚಲ ಮೂಲೆಯ ತಗಡಿನ ಪೆಟ್ಟಿಗೆಯಲ್ಲೇ ಇಡಬೇಕಿತ್ತು. ಚೆಂಡು ಎನ್ನಲೂ ಅವಳು ಬಿಡಲಿಲ್ಲ. "ಚೆಂಡು ಅಂದ್ರ ಚೆಂಡುಹೂವು, ದೇವರ ತಲಿಮ್ಯಾಲ ಇಡೂದು. ಸತ್ತ ಎತ್ತಿನ ತೊಗಲಿಗೆ ಆ ಹೆಸರು ಬ್ಯಾಡ. ದುಂಡಗ ಐತಿ, ಗುಂಡು ಅನ್ನು." ಹಾಗೆ ನಮ್ಮ ಮನೆಯಲ್ಲಿ ಅದು ಗುಂಡಾಯಿತು. ನನ್ನ ಬಾಯಿಗೆ ಬೇರೆ ಹೆಸರು ಬರುತ್ತಲೇ ಇರಲಿಲ್ಲ.

ಆಮೇಲೆ, ನಲವತ್ತೆಂಟರಲ್ಲಿ, ದಂಡು ಬಂದು ನಿಜಾಮರ ದೇಶ ಬಿತ್ತು. ಬೀಳುವ ಮುಂಚೆ ಒಂದು ಥರದ ಮಂದಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದೆವು, ಬಿದ್ದ ಮೇಲೆ ಇನ್ನೊಂದು ಥರದವರಿಗೆ ಹೆದರಿ ಹಾಕಿಕೊಂಡೆವು. ಬಂದೂಕು, ಹತಾರ ಹುಡುಕಿಕೊಂಡು ಮನೆ ಮನೆ ಶೋಧಿಸುತ್ತಿದ್ದಾರೆ ಎಂಬ ಸುದ್ದಿ. ನಿಜಾಮನ ಅಂಗಿ ತೊಟ್ಟು ಕುಣಿದವನು ಈ ಮನೆಯಲ್ಲಿದ್ದಾನೆ ಎಂದು ಓಣಿಯಲ್ಲೇ ಯಾರೋ ಅಂದರು. ಅಣ್ಣ ನಮಗಾರಿಗೂ ಹೇಳದೆ, ಹಳದಿ ಅಂಗಿಯಲ್ಲಿ ಎರಡೂ ಚೆಂಡು ಗಂಟು ಕಟ್ಟಿ, ಕಲ್ಲು ಸೇರಿಸಿ ಬಾವಿಗೆ ಬಿಟ್ಟಿದ್ದ. ಇದು ಆಮೇಲೆ ಗೊತ್ತಾದದ್ದು.

ಮರುದಿನ ಮಧ್ಯಾಹ್ನ ನಾಲ್ವರು ಬಂದರು. ಖಾಕಿ ಬಟ್ಟೆ, ಕೈಯಲ್ಲಿ ಬಂದೂಕು. ಯಾವ ಪಡೆಯವರೋ ನನಗೆ ತಿಳಿಯದು. ಅವರಲ್ಲೊಬ್ಬ ಬಿಜಾಪುರದ ಕಡೆಯವನು. ಅವನ ಬಾಯಲ್ಲಿ ಕನ್ನಡ ಕೇಳಿ ಅವ್ವನ ಮುಖಕ್ಕೆ ಜೀವ ಬಂತು. "ನಮ್ಮ ಮಾತಿನವ್ರು ಬಂದಾರ" ಎಂದು ನೀರು ತರಲು ಒಳಗೆ ಹೋದಳು. ಅಣ್ಣ ಹಿತ್ತಲಲ್ಲಿದ್ದ. ಬಿಜಾಪುರದವನು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಣ್ಣನ ಪೆಟ್ಟಿಗಿ ಎಲ್ಲೈತಿ ತಂಗಿ?"

"ಬಚ್ಚಲದಾಗ ಐತ್ರಿ."

"ಅದರಾಗ ಏನ ಇಟ್ಟಾನ?"

"ಗುಂಡು."

ಅವನು ಇನ್ನೂ ಹತ್ತಿರ ಸರಿದ. "ಎಷ್ಟ?"

"ಎರಡು. ಒಂದು ಹಳೇದು, ಒಂದು ಹೊಸಾದು."

"ಯಾರಿಗೆ ಹೊಡಿತಾನ?"

"ಆಚಿ ಕಡಿಯವ್ರಿಗ್ರಿ. ಹೋದ ಸಲ ಮೂರು ಹೊಡದಾನ."

ಹೆಮ್ಮೆಯಿಂದಲೇ ಹೇಳಿದೆ. ಅವನು ತೆಲುಗಿನವನೋ ಹಿಂದಿಯವನೋ ಆಗಿದ್ದರೆ ನಾನು ಅವ್ವನ ಸೀರೆಯ ಹಿಂದೆ ಅಡಗಿರುತ್ತಿದ್ದೆ. ನೀರು ತಂದ ಅವ್ವ ಕಡೆಯ ಮಾತು ಕೇಳಿ ತಂಬಿಗೆ ಹಿಡಿದೇ ನಿಂತಳು. ಅವರು ಬಚ್ಚಲಿಗೆ ನುಗ್ಗಿ ಪೆಟ್ಟಿಗೆ ತೆರೆದರು. ಖಾಲಿ. ಔಡಲೆಣ್ಣೆಯ ವಾಸನೆ ಮಾತ್ರ. ಬಂದೂಕಿನ ಎಣ್ಣೆ ಎಂದ ಒಬ್ಬ. ಇದರೊಳಗೆ ಏನಿತ್ತು ಎಂದು ಅಣ್ಣನನ್ನು ಹಿಡಿದು ಕೇಳಿದರು. ಅಂಗಿಯ ಹೆದರಿಕೆಗೆ ಅವನು ಏನೂ ಇರಲಿಲ್ಲ ಎಂದ. "ಗುಂಡು ಅದಾವ ಅಂತ ಮನ್ಯಾಗಿನವರಽ ಹೇಳ್ತಾರ, ನೀ ಇಲ್ಲ ಅಂತಿ" ಎಂದು ಬಿಜಾಪುರದವನು ಅವನ ತೋಳು ಹಿಡಿದ. ಅವ್ವ ಚೆಂಡು, ಆಟ ಎಂದು ಏನೇನೋ ಹೇಳಿದಳು. ತೋರಿಸಲು ಚೆಂಡೇ ಇಲ್ಲ. ಕರೆದುಕೊಂಡು ಹೋಗುವಾಗ ಅಣ್ಣ ತಿರುಗಿ, "ಅವ್ವ, ನಳದ ನೀರ ತಗೋ. ಬಾವಿಗೆ ಮೈಲಿಗಿ ಆಗೈತಿ" ಎಂದ. ಹೋಗೂ ಹೊತ್ತಿನಾಗೂ ಮಡಿ ನೋಡು ಇವರದು ಎಂದು ಬಿಜಾಪುರದವನು ನಕ್ಕ.

ಎರಡು ದಿನ ಅವನು ಎಲ್ಲಿದ್ದಾನೆ ಎಂದು ತಿಳಿಯಲಿಲ್ಲ. ಎಲ್ಲೋ ಒಯ್ದು ಸಾಲಾಗಿ ನಿಲ್ಲಿಸಿದರಂತೆ ಎಂದು ಒಬ್ಬರು, ಇಲ್ಲ, ಅವರೇ ಬೇರೆ ಎಂದು ಇನ್ನೊಬ್ಬರು. ಒಲೆ ಹಚ್ಚಲಿಲ್ಲ. ಅವ್ವ ನನ್ನನ್ನು ಹೊಡೆಯಲೂ ಇಲ್ಲ, ಹತ್ತಿರ ಕರೆಯಲೂ ಇಲ್ಲ. ನಾನು ಬಾಯಿಗೆ ಲಂಗದ ತುದಿ ತುರುಕಿಕೊಂಡು ಮೂಲೆಯಲ್ಲಿ ಕೂತಿದ್ದೆ, ಇನ್ನೊಂದು ಮಾತು ಬಿದ್ದೀತು ಎಂದು. ಮೂರನೆಯ ಬೆಳಿಗ್ಗೆ ಬಾವಿಯ ಹತ್ತಿರ ನಿಂತಿದ್ದ ಅವ್ವ, "ಮೈಲಿಗಿ ಅಂದನಲ್ಲ" ಎಂದಳು. ಬಿದ್ದ ಕೊಡ ಎತ್ತುವ ಕೊಕ್ಕೆಗಳ ಪಾತಾಳಗರಡಿಯನ್ನು ನೆರೆಮನೆಯಿಂದ ತಂದು ಬಾವಿಗೆ ಇಳಿಸಿದಳು. ಹಳದಿ ಬಟ್ಟೆ ಹರಿದು ನೀರಲ್ಲೇ ಉಳಿಯಿತು. ಒಂದು ಚೆಂಡು ಮೇಲೆ ಬಂತು. ಹುಟ್ಟಿದಾಗಿನಿಂದ ತೊಗಲು ಮುಟ್ಟದವಳು ಅದನ್ನು ಎದೆಗೆ ಅವುಚಿಕೊಂಡು, ನೀರು ಸೋರಿಸುತ್ತ, ಸಿಕ್ಕವರನ್ನೆಲ್ಲ ಕೇಳುತ್ತ ಹಾದಿಯುದ್ದಕ್ಕೂ ನಡೆದಳು. ಹಿಂದೆ ನಾನು.

ಹಿಡಿದವರನ್ನು ಒಂದು ಸಾಲೆಯಲ್ಲಿ ಕೂಡಿಟ್ಟಿದ್ದರು. ಬಿಜಾಪುರದವನು ಗೇಟಿನಲ್ಲೇ ಇದ್ದ. ಅವ್ವ ಚೆಂಡನ್ನು ಅವನ ಕಾಲ ಹತ್ತಿರ ಇಟ್ಟು, "ಇದಕ್ಕ ನಮ್ಮ ಮನ್ಯಾಗ ಗುಂಡು ಅಂತೀವ್ರಿ" ಎಂದಳು. ಅವನು ನನ್ನತ್ತ ನೋಡಿದ. ನಾನು ತಲೆಯಾಡಿಸಿದೆ. ಸಾಹೇಬನೊಬ್ಬ ಚೆಂಡನ್ನು ಕೊಯ್ದು ನೋಡಿ, ಅಣ್ಣನನ್ನು ಕರೆಸಿ, ಯಾವ ಟೀಮು ಎಂದು ಹಿಂದಿಯಲ್ಲಿ ಕೇಳಿದ. ಅಣ್ಣನ ತುಟಿ ಒಣಗಿ ಬಿರಿದಿತ್ತು. "ಟೀಮ್ ನಹೀಂ ಹೈ ಸಾಬ್" ಎಂದ. ಅದು ಸುಳ್ಳೂ ಅಲ್ಲ. ಆ ಹನ್ನೊಂದು ಮಂದಿ ಮತ್ತೆ ಒಂದೆಡೆ ಸೇರಲಿಲ್ಲ. ಕೆಲವರು ಕರಾಚಿಗೆ ಹೋದರು, ಕೆಲವರದು ತಿಳಿಯಲಿಲ್ಲ.

ಹೊರಗೆ ಬಂದ ಮೇಲೆ ಅಣ್ಣ ಕೇಳಿದ ಮೊದಲ ಮಾತು, "ಗುಂಡು ಅಂತ ಅವರಿಗೆ ಹೇಳಿದವರು ಯಾರು?"

ಸೆರಗಿನ ಕೆಳಗೆ ಅವ್ವ ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದಳು. "ನಾನಽ. ಬಾಯಿ ತಪ್ಪಿ ಅಂದೆ."

ಅಣ್ಣ ಮುಂದೆ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸಿ ಪಿಂಚಣಿ ತಗೊಂಡ. ಮನೆಗೆ ಯಾರೇ ಬರಲಿ, ಈ ಕತೆ ಹೇಳಿ, "ನಮ್ಮವ್ವನ ನಾಲಿಗಿ ನನ್ನ ಕೊಂದಽ ಹಾಕ್ತಿತ್ತು" ಎಂದು ನಗುತ್ತಿದ್ದ. ಅವ್ವ "ಹೂಂ ಬಿಡು" ಎಂದು ಅಕ್ಕಿ ಆರಿಸುತ್ತಿದ್ದಳು. ನಾನು ಒಳಗೆ ಎದ್ದು ಹೋಗುತ್ತಿದ್ದೆ. ಅವ್ವ ಸತ್ತ ಮೇಲೂ ಅವನು ಹಾಗೇ ಹೇಳಿದ, ಅವಳ ತಿಥಿಯ ಊಟಕ್ಕೆ ಕೂತವರ ಮುಂದೆಯೂ ಹೇಳಿದ. ಎಲ್ಲರೂ ನಕ್ಕರು. ಬಡಿಸುತ್ತಿದ್ದವಳು ನಾನು. ಅವನ ಎಲೆಯ ಹತ್ತಿರ ಬಂದಾಗ ನಿಜ ಬಾಯಿವರೆಗೆ ಬಂದಿತ್ತು. ಅನ್ನ ಹಾಕಿ ಮುಂದಿನ ಎಲೆಗೆ ಹೋದೆ.