ಬಿಸಿಯೂಟದ ಸಾರು

ಶಾಲೆಯ ಬಿಸಿಯೂಟದ ಸಾರಿನಲ್ಲಿ ಹಲ್ಲಿ ಬಿದ್ದಿತ್ತೆಂದು ಹಾಸನದಲ್ಲಿ ಕೂತೇ ಬರೆದಿದ್ದೆ. ವರದಿಗಾರರ ವಾಟ್ಸಾಪ್ ಗುಂಪಿಗೆ ಬಂದದ್ದೇ ನನಗೆ ಸಾಕಾಗಿತ್ತು. ಸಾಲಗಾಮೆ ಕಡೆಯ ಆ ಶಾಲೆಗೆ ಬೈಕ್ ಓಡಿಸಿ ವಿಚಾರಿಸಲು ಸೋಮಾರಿತನ. ಸುದ್ದಿ ಸುಳ್ಳಾಗಿತ್ತು. ಒಳಪುಟದಲ್ಲಿ ಎರಡು ಸಾಲಿನ ವಿಷಾದ ಹಾಕಿಸಿ, ಆ ಪತ್ರಿಕೆ ಹಿಡಿದು ಶಾಲೆಗೆ ಹೋದೆ.

ಅಡುಗೆಯಾಕೆ ಪತ್ರಿಕೆಯನ್ನು ಮುಟ್ಟಲೂ ಇಲ್ಲ.

"ಇದ್ನ ಯಾರ್ ಓದ್ತಾರೆ ಸಾ? ಮಕ್ಳೆಲ್ಲ ಮನೆಯಿಂದ್ಲೇ ಡಬ್ಬಿ ತತ್ತವೆ. ನೀವೇ ಅವ್ರ ಮುಂದೆ ಕೂತು ಉಣ್ಣಿ" ಎಂದು ತಟ್ಟೆ ಇಟ್ಟಳು.

ಕೂತೆ. ಮಕ್ಕಳು ಡಬ್ಬಿ ತೆರೆಯದೆ ನನ್ನನ್ನೇ ನೋಡುತ್ತಿದ್ದರು. ಸಾರಿನಲ್ಲಿ ಏನೂ ಬಿದ್ದಿರಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೊದಲ ತುತ್ತಿಗೆ ಮುಂಚೆ ನನ್ನ ಬೆರಳು ಸಾರನ್ನು ಕೆದಕಿ ನೋಡಿತು.

ಅದನ್ನು ಅಷ್ಟೂ ಮಕ್ಕಳು ನೋಡಿದರು.