ಜಗಲಿಯ ಮೇಲಿನ ಡಬ್ಬಿ

ಹೋದ ಸೋಮವಾರ ಬೆಳಿಗ್ಗೆ ನಾನು ನಾಲ್ಕು ತಿಂಗಳ ವಿಜ್ಞಾನವನ್ನು ಹಣೆಗೆ ಬಳಿದುಕೊಂಡೆ.

ಬೇಕಂತ ಅಲ್ಲ. ದೇವರಾಣೆ ಅಲ್ಲ. (ಆದದ್ದೇ ದೇವರ ಎದುರಿಗೆ. ಅವನೇ ಸಾಕ್ಷಿ.)

ಕಂಪ್ಲಿಯಲ್ಲಿ ನನ್ನ ಗೆಳೆಯ ಶರಣಪ್ಪನದೊಂದು ರೈಸ್ ಮಿಲ್ ಇದೆ. ಮಿಲ್ಲಿಗೆ ಅಂಟಿಕೊಂಡೇ ಮನೆ. ಹೈಸ್ಕೂಲಿನಿಂದ ನಾವಿಬ್ಬರೂ ಜೊತೆ. ಅದಕ್ಕೆ ವಾರ ಮುಂಚೆ ಅವನ ಫೋನ್ ಬಂದಿತ್ತು. "ದೋಸ್ತ, ಒಂದಿನ ಬಂದು ನಮ್ಮ ವಿಜಿಗೆ ನಾಕು ಮಾತು ಹೇಳಿ ಹೋಗು. ನಿನ್ ಮಾತಂದ್ರ ಕೇಳ್ತಾಳ."

ವಿಜಿ ಅಂದರೆ ವಿಜಯಲಕ್ಷ್ಮಿ, ಅವನ ಮಗಳು. ನ್ಯಾನೋ ಟೆಕ್ನಾಲಜಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಮೂರನೇ ವರ್ಷ. ಲ್ಯಾಬು ಇರುವ ಊರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ಹೋಗಲು, ಒಂದೂವರೆ ಗಂಟೆ ಬರಲು. ನಾನು ಹೇಳಬೇಕಾಗಿದ್ದ ನಾಲ್ಕು ಮಾತು ಏನೆಂದರೆ: ಹೊಸಪೇಟೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಜಾಗ ಖಾಲಿ ಇದೆ, ಹತ್ತಕ್ಕೆ ಹೋಗಿ ಐದಕ್ಕೆ ಬರಬಹುದು, ಈ ಸಂಶೋಧನೆ ಗಿಂಶೋಧನೆ ಸಾಕು.

ನಾನು ಹೂಂ ಅಂದೆ. ಯಾಕೆ ಅಂದೆ? ಮನೆ ಹೆಣ್ಣುಮಗಳಿಗೆ ಬುದ್ಧಿ ಹೇಳಬೇಕು ಬಾ ಅಂದರೆ ನಮ್ಮಂಥ ಗಂಡಸರು ಬಸ್ಸಿನ ಟೈಮು ಕೂಡ ವಿಚಾರಿಸದೆ ಹೊರಟುಬಿಡುತ್ತೇವೆ.

ಕಮಲಾಪುರ ದಾಟಿ ಬಾಳೆತೋಟಗಳು ಶುರುವಾಗುವಷ್ಟರಲ್ಲಿ ಕಿಟಕಿ ಪಕ್ಕ ಕೂತು ಭಾಷಣ ಜೋಡಿಸಿದ್ದೆ. 'ನೋಡವ್ವಾ, ಬದುಕು ಅಂದ್ರ ಬ್ಯಾಲೆನ್ಸ್.' ನನಗೇ ಬಹಳ ಇಷ್ಟವಾಯಿತು. ಎರಡು ಸಲ ಹೇಳಿಕೊಂಡೆ.

ಮನೆ ಮುಟ್ಟಿದರೆ ಅಂಗಳದವರೆಗೂ ಮಂಡಕ್ಕಿ ಒಗ್ಗರಣೆಯ ಘಮ. ಪಕ್ಕದಲ್ಲಿ ಮಿರ್ಚಿ ಕರಿಯುವ ಸದ್ದು. ಶರಣಪ್ಪನ ತಾಯಿ ಗೌರಮ್ಮಜ್ಜಿ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಮಂಡಿನೋವು, ಈಗ ಮೊದಲಿನ ಹಾಗೆ ಓಡಾಡುವುದಿಲ್ಲ.

"ಬರ್ರಿ ಆಚಾರ್ರ. ಕೈಕಾಲು ತೊಳ್ಕಂಡು ಇಬತ್ತಿ ಹಚ್ಗಂಡು ಬರ್ರಿ. ನಮ್ಮನ್ಯಾಗ ಬೋಳು ಹಣಿಲೆ ಉಣ್ಣಂಗಿಲ್ಲ, ಗೊತ್ತೈತಲ್ಲ."

ನಮ್ಮದು ನಾಮದ ಮನೆ, ಅವರದು ವಿಭೂತಿಯ ಮನೆ. ಇಷ್ಟು ವರ್ಷವೂ ಅಜ್ಜಿ ತಾವೇ ಎದ್ದು ಬಂದು ನನ್ನ ಹಣೆಗೆ ಮೂರು ಬೆರಳು ಎಳೆಯುತ್ತಿದ್ದರು. ಮಿರ್ಚಿಯ ಆಸೆಗೆ ನಾನೂ ಹಣೆ ಒಡ್ಡುತ್ತಿದ್ದೆ. ಈ ಸಲ ಒಬ್ಬನೇ ದೇವರ ಜಗಲಿಯ ಮುಂದೆ ನಿಂತೆ. ಆ ಕಡೆಯಲ್ಲಿ ದೇವರ ಕಟ್ಟೆಗೆ ಜಗಲಿ ಅನ್ನುತ್ತಾರೆ. ಕನ್ನಡಕ ಬ್ಯಾಗಿನಲ್ಲಿ. ಲಿಂಗದ ಪಕ್ಕ ಬಿಳಿ ಮುಚ್ಚಳದ ಒಂದು ಪುಟ್ಟ ಡಬ್ಬಿ ಕಂಡಿತು. ತೆಗೆದರೆ ಹಾಲಿನಷ್ಟು ಬೆಳ್ಳಗಿನ ಪುಡಿ. ಮೇಲೆ ಏನೋ ನಂಬರು ಬರೆದಿತ್ತು. ದೊಡ್ಡ ಕ್ಷೇತ್ರದ್ದಿರಬೇಕು, ಈಗ ಪ್ರಸಾದಕ್ಕೂ ಬ್ಯಾಚ್ ನಂಬರ್ ಬಂದಿದೆ ಅಂದುಕೊಂಡೆ. ಒದ್ದೆ ಬೆರಳು ಮೂರನ್ನೂ ಅದ್ದಿ ಭಕ್ತಿಯಿಂದ ಎಳೆದೆ.

ಆ ಮನೆಯಲ್ಲಿ ವಿಭೂತಿ ಗಟ್ಟಿಯ ರೂಪದಲ್ಲಿರುತ್ತದೆ, ಪುಡಿ ಇರುವುದಿಲ್ಲ. ಇದು ಅಲ್ಲಿನ ಕೂಸಿಗೂ ಗೊತ್ತು. ನಲವತ್ತು ವರ್ಷ ಹಣೆ ಒಡ್ಡಿದ ನನಗೆ ಗೊತ್ತಿರಲಿಲ್ಲ. ಹಚ್ಚಿಸಿಕೊಳ್ಳುವವನು ಯಾವತ್ತು ಕಣ್ಣು ಬಿಟ್ಟು ನೋಡಿದ್ದಾನೆ?

ತಾಟಿನ ಮುಂದೆ ಕೂತು ಮೊದಲ ಮಿರ್ಚಿ ಮುರಿಯುವ ಹೊತ್ತಿಗೆ ವಿಜಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದಳು. ಬಸ್ಸಿಗೆ ಹೊರಟಿದ್ದಳು. ನನ್ನ ಹಣೆ ನೋಡಿ ನಿಂತಳು.

"ಕಾಕಾ, ಎಲ್ಲೀದು ಇದು?"

"ಜಗಲಿ ಮ್ಯಾಲಿಂದವ್ವ. ಏನ್ ನುಣುಪೈತಿ, ಮಸ್ತ್. ಯಾವ ಕ್ಷೇತ್ರದ್ದು?"

ಅವಳು ಒಳಗೆ ಹೋಗಿ ಡಬ್ಬಿ ತಂದಳು. ಬೆಳಕಿಗೆ ಹಿಡಿದು ನೋಡಿದಳು.

"ಕೈ ಒದ್ದಿ ಇತ್ತೇನ್ರಿ?"

"ಆಗಷ್ಟೇ ತೊಳ್ಕಂಡಿದ್ನಲ್ಲ."

ವಿಜಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂತವರನ್ನು ಗೌರಮ್ಮಜ್ಜಿ ಸುಮ್ಮನೆ ಬಿಟ್ಟದ್ದಿಲ್ಲ. ಅವತ್ತು ಬಿಟ್ಟರು.

"ಮೊದ್ಲು ಹಣಿ ತೊಳ್ಕೋರಿ ಕಾಕಾ. ಒಣಗಿದ್ರ ಉದುರಿ ಮೂಗಿನ್ಯಾಗ ಹೋಗತೈತಿ. ಅದು ಒಳಗ ಹೋಗಬಾರ್ದು."

ತನ್ನ ಕೆಲಸ ಕೆಡಿಸಿದವನ ಮೂಗಿನ ಚಿಂತೆ ಮೊದಲು ಮಾಡಿದ ಹುಡುಗಿ ಅವಳು. ನಾನು ಬಚ್ಚಲಿಗೆ ಓಡಿದೆ.

ಬಂದು ಕೂತ ಮೇಲೆ ಗೊತ್ತಾದದ್ದು ಇದು. ಮಿಲ್ಲಿನಲ್ಲಿ ಭತ್ತದ ಹೊಟ್ಟು ಸುಡುತ್ತಾರೆ, ಬೂದಿ ಗುಡ್ಡೆ ಬೀಳುತ್ತದೆ. ಆ ಬೂದಿಯನ್ನು ಆಸಿಡ್‌ನಲ್ಲಿ ತೊಳೆದು, ಒಣಗಿಸಿ, ಲ್ಯಾಬಿನ ಕುಲುಮೆಯಲ್ಲಿ ಸುಟ್ಟು, ಅದರೊಳಗಿನ ಸಿಲಿಕಾವನ್ನು ಈ ಬಿಳಿ ಪುಡಿಯಾಗಿ ತೆಗೆಯುತ್ತಾಳೆ. ಒಂದು ಕೂದಲಿನ ಅಗಲದಲ್ಲಿ ಅದರ ಸಾವಿರಾರು ಕಣ ಸಾಲಾಗಿ ಕೂರಬಹುದಂತೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಹಿಡಿಯುವ ಅಗ್ಗದ ಫಿಲ್ಟರ್ ಇದರಿಂದ ಆದೀತೇ ಎಂಬುದು ಅವಳ ಹುಡುಕಾಟ. ನಾಲ್ಕು ತಿಂಗಳು ಹೆಣಗಿ, ಸರಿಯಾದ ಹದ ಸಿಕ್ಕಿದ್ದು ಹದಿನಾಲ್ಕನೇ ಸಲಕ್ಕೆ. ಆ ಹದಿನಾಲ್ಕನೆಯದೇ ಈ ಡಬ್ಬಿ. ಗುರುವಾರ ಬೆಂಗಳೂರಿನಲ್ಲಿ ದೊಡ್ಡ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಲು ಎರಡು ಗಂಟೆಯ ಸ್ಲಾಟ್ ಸಿಕ್ಕಿತ್ತು. ಕಾದು ಕಾದು ಸಿಕ್ಕಿದ್ದು. ತಪ್ಪಿದರೆ ಮತ್ತೆ ಸರತಿಯ ಬಾಲ.

ನನ್ನ ಬೆರಳಿನ ನೀರು, ಬೆವರು, ತೊಳೆದರೂ ಉಳಿದ ಬಸ್ಸಿನ ಕಂಬಿಯ ಜಿಡ್ಡು ಎಲ್ಲ ಈಗ ಅದರಲ್ಲಿ ಸೇರಿತ್ತು.

ಶರಣಪ್ಪ ಸಮಾಧಾನಕ್ಕೆ ಬಂದ. "ಅದಕ್ಯಾಕ್ ಇಷ್ಟು ಸಪ್ಪಗಾಗ್ತಿಯವ್ವ. ಮಿಲ್ಲಿನ ಹಿಂದ ಗುಡ್ಡದಷ್ಟು ಬೂದಿ ಬಿದ್ದೈತಿ. ಒಂದು ಬುಟ್ಟಿ ತಗ."

"ಅಪ್ಪಾ, ಹೊಲ ತೋರ್ಸಿ ಉಣ್ಣು ಅಂದಂಗಾತು."

ನಾನು ತಡೆಯಲಾರದೆ ಕೇಳಿದೆ, "ಅಲ್ಲವ್ವ, ಅಷ್ಟು ಜೋಪಾನದ ವಸ್ತು ದೇವರ ಜಗಲಿ ಮ್ಯಾಲೆ ಯಾಕಿಟ್ಟಿ?"

"ಮತ್ತೆಲ್ಲಿಡ್ಲಿ? ಟೇಬಲ್ ಮ್ಯಾಲಿಟ್ರ ಅಣ್ಣನ ಫೈಲು ಬರ್ತಾವ. ಅಡಗಿಮನ್ಯಾಗಿಟ್ರ ಅವ್ವ ತಾಮ್ರದ ಕೊಡ ತಿಕ್ತಾಳ, ಒಂದ್ಸಲ ತಿಕ್ಯಾಳ. ಈ ಮನ್ಯಾಗ ಯಾರೂ ಕೈ ಹಚ್ಚದ ಜಾಗ ಅಂದ್ರ ಅದೊಂದ."

"ಲ್ಯಾಬಿನ್ಯಾಗ?"

"ಐದು ಮಂದಿ ಅದೀವಿ, ನಾಕು ಲಾಕರ್. ನಾಕು ಹುಡುಗ್ರು. 'ನೀ ಹೆಂಗೂ ದಿನಾ ಊರಿಗೆ ಹೊಕ್ಕಿ, ನಿನಗ್ಯಾಕ' ಅಂದ್ರು."

ಒಗ್ಗರಣೆ ತಣ್ಣಗಾಗಿತ್ತು. ಯಾರೂ ತಿನ್ನುತ್ತಿರಲಿಲ್ಲ. (ಸರಿ, ನಾನು ಸ್ವಲ್ಪ ತಿಂದೆ.)

ನೋಡಿ, ವಿಜಿಯನ್ನು ಯಾರೂ ಓದಬೇಡ ಅಂದಿಲ್ಲ. ಶರಣಪ್ಪ ಊರಿಗೆಲ್ಲ 'ನನ್ ಮಗಳು ನ್ಯಾನೋ' ಅಂತ ಹೇಳಿಕೊಂಡು ಓಡಾಡುವವನೇ. ಲ್ಯಾಬಿನವರೂ ಮಹಿಳಾ ದಿನಾಚರಣೆಗೆ ಅವಳನ್ನೇ ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟಿದ್ದಾರೆ. ಹೂಗುಚ್ಛ ಇಡಲು ಲಾಕರ್ ಬೇಕಿಲ್ಲವಲ್ಲ. ಬಾಗಿಲು ತೆರೆದು ಒಳಗೆ ಬಾ ಅನ್ನುತ್ತೇವೆ, ಕುಂದ್ರಾಕ ಮಣೆ ಹಾಕುವುದು ಮರೆಯುತ್ತೇವೆ.

ಹದ ಗೊತ್ತಿದ್ದರಿಂದ ಪುಡಿಯನ್ನು ಹೊಸದಾಗಿ ಮಾಡಬಹುದಿತ್ತು. ತೊಳೆಯಲು ಒಂದು ದಿನ, ಒಣಗಿಸಲು ಒಂದು ದಿನ, ಸುಡಲು ಒಂದು ದಿನ. ಸೋಮ, ಮಂಗಳ, ಬುಧ. ಗುರುವಾರಕ್ಕೆ ಸರಿಹೋಗುತ್ತದೆ. ಆದರೆ ಮಂಗಳವಾರ ಸಂಡೂರಿನಲ್ಲಿ ವಿಜಿಯ ಚಿಕ್ಕಪ್ಪನ ಮಗಳ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಮನೆಯವರು ಹೊರಟಿದ್ದರು.

"ನಾ ಬರಂಗಿಲ್ಲ" ಅಂದಳು ವಿಜಿ.

"ಬರ್ಲಿಲ್ಲಂದ್ರ ಮಂದಿ ಏನಂತಾರ?" ಅಂದ ಶರಣಪ್ಪ. ನನ್ನ ಕಡೆ ನೋಡಿದ. ನಾಲ್ಕು ಮಾತು ಹೇಳುವ ಹೊತ್ತು ಇದೇ ಎಂಬಂತೆ. ನಾನು ಮಿರ್ಚಿಯ ತೊಟ್ಟನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸಿದೆ.

ಗೌರಮ್ಮಜ್ಜಿ ಕುರ್ಚಿಯಿಂದಲೇ ಕೇಳಿದರು. "ಸಂಡೂರಿಗೆ ಮಂಜ್ಯಾ ಬರ್ತಾನೇನು?"

ಮಂಜ್ಯಾ ಅಂದರೆ ಮಂಜುನಾಥ, ವಿಜಿಯ ಅಣ್ಣ. ಮಿಲ್ಲಿನ ಆಫೀಸು ನೋಡಿಕೊಳ್ಳುತ್ತಾನೆ.

"ಅವನೆಲ್ಲಿ ಬರ್ತಾನಬೇ. ಅವಗ ಕೆಲ್ಸ ಐತಿ" ಅಂದ ಶರಣಪ್ಪ.

"ಮಂದಿ ಏನಂತಾರ?"

"ಏನಂತಾರ, ಕೆಲ್ಸ ಐತಿ ಅಂತಾರ."

"ಇಕೀಗೂ ಐತಿ" ಅಂದರು ಅಜ್ಜಿ. "ಅದ ಮಂದಿ, ಅದ ಮಾತು. ಇಕೀ ಹೆಸರು ಹಚ್ಚಿ ಹೇಳು."

ಶರಣಪ್ಪ ತಣ್ಣಗಾದ ಒಗ್ಗರಣೆಗೆ ಕೈ ಹಾಕಿದ. ನಲವತ್ತು ವರ್ಷದಲ್ಲಿ ಅವನನ್ನು ಇಷ್ಟು ಬೇಗ ಸೋಲಿಸಿದವರನ್ನು ನಾನು ನೋಡಿರಲಿಲ್ಲ.

ಅಜ್ಜಿಯದು ಇನ್ನೂ ಮುಗಿದಿರಲಿಲ್ಲ. ಮಂಜುನ ಆಫೀಸಿನಲ್ಲಿ ಕಬ್ಬಿಣದ ಒಂದು ಬೀರು ಇದೆಯಲ್ಲ, ಅದರಲ್ಲೇನಿದೆ ಅಂತ ಕೇಳಿದರು. "ಭಾಳ ಇಂಪಾರ್ಟೆಂಟ್ ಸಾಮಾನು ಅದಾವಬೇ" ಅಂದ ಮಂಜು, ಅಷ್ಟರಲ್ಲಿ ಮಿಲ್ಲಿನಿಂದ ಬಂದು ಬಾಗಿಲಲ್ಲಿ ನಿಂತು. ಸರಿ, ನೋಡೋಣ ಅಂತ ಎಲ್ಲರೂ ಹೋದೆವು. ಮೇಲಿನ ಖಾನೆಯಲ್ಲಿ ಮಿಲ್ಲಿನ ಲೈಸೆನ್ಸು, ಕಾಗದಪತ್ರ, ನಿಜ. ನಡುವಿನ ಖಾನೆಯಲ್ಲಿ ಕ್ರಿಕೆಟ್ ಪ್ಯಾಡು, ಒಂದೇ ಕೈಯ ಗ್ಲೌಸು, ಕ್ಯಾರಂ ಬೋರ್ಡು. ಕೆಳಗಿನದರಲ್ಲಿ ಹಳೇ ಕ್ಯಾಲೆಂಡರುಗಳು. ದೇವರ ಚಿತ್ರ ಇದ್ದದ್ದನ್ನು ಎಸೆಯಬಾರದು ಅಂತ ಇಟ್ಟದ್ದು.

ಮಂಜು ಒಳ್ಳೆಯ ಹುಡುಗ. ನಾಚಿಕೊಂಡ. ತಾನೇ ಕ್ಯಾರಂ ಬೋರ್ಡು ಹೊರಗೆ ತೆಗೆದು, ನಡುವಿನ ಖಾನೆ ಒರೆಸಿದ. "ನೀ ಕೇಳ್ಲೇ ಇಲ್ಲಲ್ಲಲೇ" ಅಂದ ತಂಗಿಗೆ.

"ನೀ ಯಾರನ್ನ ಕೇಳಿ ಇಟ್ಟಿದ್ದೆ?" ಅಂದಳು ಅವಳು.

ಬೀರುವಿಗೆ ಎರಡು ಬೀಗದ ಕೈ ಇದ್ದವು. ಒಂದು ಅವಳ ಬ್ಯಾಗಿಗೆ ಹೋಯಿತು. ಅವಳು ಮುಂದಿನ ಬಸ್ಸಿಗೆ ಹೋದಳು. ನಾನು ಭಾಷಣವನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಹೊಸಪೇಟೆಗೆ ವಾಪಸು ಬಂದೆ.

ಬುಧವಾರ ಸಂಜೆ ರೈಲಿಗೆ ಮುಂಚೆ ವಿಜಿ ನಮ್ಮ ಮನೆಗೆ ಬಂದಳು. ಮಡಿಲಲ್ಲಿ ಹೊಸ ಡಬ್ಬಿ. ನನ್ನ ಹೆಂಡತಿಗೆ ಕಥೆಯೆಲ್ಲ ಗೊತ್ತು. "ನೀವು ಆ ಕಡೆ ಕುರ್ಚ್ಯಾಗ ಕುಂದ್ರಿ, ದೂರ" ಅಂದಳು ನನಗೆ.

ವಿಜಿ ಲಾಕರ್ ಬೇಕೆಂದು ಗೈಡ್‌ಗೆ ಒಂದು ಪತ್ರ ಬರೆದಿದ್ದಳು. ಭಾಷೆ ನೋಡಿಕೊಡಿ ಅಂದಳು. ನಾಲ್ಕೇ ಸಾಲು. ನಾನು ಬರೆಯುವವನಲ್ಲವೇ, ಕೈ ಸುಮ್ಮನಿರಲಿಲ್ಲ. 'ತಾವು ಕೃಪೆಯಿಟ್ಟು' ಅಂತ ಸೇರಿಸಿದೆ. ಅವಳು ಓದಿ, ಪೆನ್ನು ಇಸಿದುಕೊಂಡು, ಅದನ್ನು ಹೊಡೆದುಹಾಕಿದಳು.

"ಆ ಹುಡುಗ್ರು ಕೃಪೆ ಕೇಳಿ ತಗಂಡಿಲ್ಲ ಕಾಕಾ."

ಗುರುವಾರ ಮಧ್ಯಾಹ್ನ ಮೊಬೈಲಿಗೆ ಒಂದು ಚಿತ್ರ ಬಂತು. ಕಪ್ಪು ಬಿಳುಪು. ಗುಂಡು ಗುಂಡಗೆ, ಒಂದರ ಪಕ್ಕ ಒಂದು, ತಟ್ಟೆಯಲ್ಲಿ ಸುರಿದ ಸಾಬೂದಾನಿಯ ಹಾಗೆ. ಎಲ್ಲ ಒಂದೇ ಅಳತೆ. ಕೆಳಗೆ ಅವಳು ಬರೆದಿದ್ದಳು: 'ಹದ ಬಂದೈತಿ. ಇದ್ರಾಗ ನಿಮ್ಮ ಬೆವರಿಲ್ಲ.'

ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ. ಶರಣಪ್ಪ ಮಾತ್ರ ಸಂಡೂರಿನಲ್ಲಿ ಕೇಳಿದವರಿಗೆಲ್ಲ 'ಮಗಳಿಗೆ ಕೆಲ್ಸ ಐತ್ರಿ' ಅಂದನಂತೆ. ಯಾರೂ ಏನೂ ಅನ್ನಲಿಲ್ಲವಂತೆ. ಅದೇ ಅವನಿಗೆ ದೊಡ್ಡ ಆಶ್ಚರ್ಯ.

ಇಷ್ಟು ಓದಿದಿರಲ್ಲ, ಒಂದು ಸಣ್ಣ ಕೆಲಸ ಮಾಡಿ. ಎದ್ದು ಹೋಗಿ ನಿಮ್ಮ ಮನೆಯ ಬೀರು ತೆಗೆದು ನೋಡಿ: ನಡುವಿನ ಖಾನೆಯಲ್ಲಿ ಮಗಳ ಕೆಲಸ ಇದೆಯೋ, ಕ್ಯಾರಂ ಬೋರ್ಡ್ ಇದೆಯೋ?