ಡ್ರಿಲ್ ಹಿಡಿಯುವವನಿಗೆ ಡಂಬಲ್ ಏಕೆ?

2022ರ ಜೂನ್ ಹೊತ್ತಿಗೆ ನಾನು ಲಿಂಗಸುಗೂರಿನಲ್ಲಿ ಫಿಜಿಯೋಥೆರಪಿ ಕ್ಲಿನಿಕ್ ತೆರೆದು ಹತ್ತೊಂಬತ್ತು ವರ್ಷವಾಗಿತ್ತು. ಕೆಳಗೆ ಕ್ಲಿನಿಕ್, ಮೇಲೆ ಮನೆ, ಮನೆಯಲ್ಲಿ ನಾನೊಬ್ಬಳೇ. ಬರುವವರೆಲ್ಲ ಮಂಡಿ ನೋವಿನ ಅಜ್ಜಿಯರು, ಬೈಕಿನಿಂದ ಬಿದ್ದವರು, ಭತ್ತದ ನಾಟಿಗೆ ಹೋಗಿ ಸೊಂಟ ಹಿಡಿದುಕೊಂಡವರು. ಹಾಗಿರುವಾಗ ಒಬ್ಬ ಮನುಷ್ಯ ಹಟ್ಟಿಯಿಂದ ಸೈಕಲ್ ಮೇಲೆ ಬಂದು, ಒಂದೇ ದಿನದಲ್ಲಿ 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, ಆಮೇಲೆ 42.2 ಕಿಲೋಮೀಟರ್ ಓಡಬೇಕು, ಎಲ್ಲವನ್ನೂ ಹದಿನೇಳು ತಾಸಿನೊಳಗೆ ಮುಗಿಸಬೇಕು ಎಂದ. ಇವನಿಗೆ ಬೇಕಾದ ಡಾಕ್ಟರು ಬೇರೆಯೇ ಇದ್ದಾರೆ ಎಂದುಕೊಂಡೆ.

ಹೆಸರು ಮೌನೇಶ, ವಯಸ್ಸು ಮೂವತ್ನಾಲ್ಕು. ಹಟ್ಟಿಯ ಚಿನ್ನದ ಗಣಿಯೊಳಗೆ ಡ್ರಿಲ್ ಹಿಡಿದು ಬಂಡೆಗೆ ತೂತು ಕೊರೆಯುವ ಕೆಲಸ. ತಂದೆತಾಯಿ ಇರಲಿಲ್ಲ, ಮದುವೆಯಾಗಿರಲಿಲ್ಲ, ಕ್ವಾರ್ಟರ್ಸಿನಲ್ಲಿ ಒಂಟಿ ವಾಸ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುವುದರಿಂದ ಅವನು ಎದ್ದಾಗ ಓಣಿ ಮಲಗಿರುತ್ತಿತ್ತು, ಓಣಿ ಎದ್ದಾಗ ಅವನಿಗೆ ನಿದ್ದೆ. ಹೊತ್ತು ಕಳೆಯಲೆಂದೇ ಸೈಕಲ್ ಹತ್ತಿದವನು ಅಲ್ಲಿಂದ ಈ ಹುಚ್ಚಿಗೆ ಬಿದ್ದಿದ್ದ. ರಜೆಯ ದಿನ ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಹೋಗಿ ಬಂದು, ಸಾಲದಿದ್ದರೆ ಮತ್ತೊಮ್ಮೆ ಮಸ್ಕಿಗೆ ಹೋಗಿ ಬರುತ್ತಿದ್ದ. ಮಸ್ಕಿಯಲ್ಲಿ ಚಹಾ ಕುಡಿಯಲು ನಿಂತರೆ ಪೆಟ್ರೋಲ್ ಅಷ್ಟು ತುಟ್ಟಿಯಾಯಿತೇ ಎಂದು ಜನ ಕಾಡುತ್ತಿದ್ದರಂತೆ. ಆ ದಿನ ಅವನೊಂದಿಗೆ ಯಾರಾದರೂ ಮಾತಾಡಿದ್ದರೆ ಅಷ್ಟೇ ಮಾತು.

ಬಲ ಮಂಡಿಯ ನೋವಿಗೆಂದು ಬಂದವನು ತರಬೇತಿಯ ಪಟ್ಟಿಯನ್ನೂ ಮಾಡಿಕೊಡಿ ಎಂದು ಬೆನ್ನುಹತ್ತಿದ. ನಾನು ಓದಿ, ಗೊತ್ತಿದ್ದವರನ್ನು ಕೇಳಿ ಒಂದು ಪಟ್ಟಿ ಮಾಡಿದೆ. ವಾರಕ್ಕೆ ಎರಡು ದಿನ ಸ್ಟ್ರೆಂತ್ ಟ್ರೇನಿಂಗ್, ಅಂದರೆ ಭಾರ ಎತ್ತುವ ತಾಲೀಮು ಇಟ್ಟಿದ್ದೆ. ಆರೇಳು ತಾಸು ಸೈಕಲ್ ತುಳಿದ ಮೇಲೆ ಓಡುವವನ ಸೊಂಟದ ಸ್ನಾಯು ದಣಿದು ಒಂದು ಬದಿಗೆ ಕುಸಿಯುತ್ತದೆ, ಆ ಪೆಟ್ಟು ಮಂಡಿಗೆ ಬೀಳುತ್ತದೆ. ಭಾರ ಎತ್ತಿ ಗಟ್ಟಿಯಾದ ಸ್ನಾಯು ಕೊನೆಯವರೆಗೂ ಮೈಯನ್ನು ನೆಟ್ಟಗೆ ಹಿಡಿದಿರುತ್ತದೆ. ಇದನ್ನೆಲ್ಲ ವಿವರಿಸಿದರೆ ಅವನು ನಕ್ಕ.

“ದಿನಾ ಶಿಫ್ಟ್ ಪೂರಾ ಡ್ರಿಲ್ ಹಿಡೀತೀನ್ರಿ ಮೇಡಮ್ಮಾರ. ನನಗ ಡಂಬಲ್ ಯಾಕ್ರಿ?”

ನನಗೂ ಸರಿಯೆನಿಸಿತು. ಪಟ್ಟಿಯಲ್ಲಿ ಸ್ಟ್ರೆಂತ್ ಎಂದಿದ್ದ ಎರಡೂ ಮನೆಗಳಲ್ಲಿ ‘ಶಿಫ್ಟ್’ ಎಂದು ಬರೆದುಬಿಟ್ಟೆ. ಮನೆಗೆಲಸ ವ್ಯಾಯಾಮವಲ್ಲ ಎಂದು ಅಜ್ಜಿಯರಿಗೆ ದಿನಕ್ಕೆ ಹತ್ತು ಸಲ ಉಪದೇಶ ಮಾಡುವವಳು ನಾನೇ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಒಂದು ಊರಿನಲ್ಲಿ ಸ್ಪರ್ಧೆ. ಈಜು ಮುಗಿಸಿದ, ಸೈಕಲ್ ಮುಗಿಸಿದ. ಓಟದ ಇಪ್ಪತ್ತೇಳನೆಯ ಕಿಲೋಮೀಟರಿನಲ್ಲಿ ಎಡ ಸೊಂಟ ಕೈಕೊಟ್ಟಿತು, ರಸ್ತೆಯ ಬದಿಗೆ ಕುಳಿತುಬಿಟ್ಟ. ಮೂರನೆಯ ದಿನ ಕುಂಟುತ್ತಾ ಕ್ಲಿನಿಕ್‌ಗೆ ಬಂದಾಗ, ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಆಗ ಮಾಡಿದೆ. ಕುರ್ಚಿಯ ಮೇಲಿಂದ ಒಂದೇ ಕಾಲಿನ ಮೇಲೆ ಎದ್ದು ಕೂರಬೇಕು, ಅಷ್ಟೇ. ಬಲಗಾಲಿನ ಮೇಲೆ ಹದಿನಾಲ್ಕು ಸಲ ಎದ್ದ. ಎಡಗಾಲಿನ ಮೇಲೆ ಮೂರು.

ಡ್ರಿಲ್ ಹಿಡಿಯುವಾಗ ಹೇಗೆ ನಿಲ್ಲುತ್ತೀ ಎಂದು ಕೇಳಿದೆ. ನಿಂತು ತೋರಿಸಿದ. ಬಲಗಾಲು ಹಿಂದೆ ಊರಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಒತ್ತುತ್ತಿದ್ದ, ಎಡಗಾಲು ಸುಮ್ಮನೆ ಮುಂದೆ ಇರುತ್ತಿತ್ತು. ಹನ್ನೊಂದು ವರ್ಷ ಹಾಗೆಯೇ ನಿಂತಿದ್ದಾನೆ. ಗಣಿ ಅವನ ಅರ್ಧ ಮೈಯನ್ನಷ್ಟೇ ಗಟ್ಟಿ ಮಾಡಿತ್ತು. ಅವನ ಅಷ್ಟು ದಿನದ ಶ್ರಮ ನನ್ನ ಪೆನ್ನಿನಿಂದಲೇ ಹಾಳಾಯಿತೆಂದು ನಾಚಿಕೆಯಾಯಿತು, ಅದನ್ನು ಅವನೆದುರು ಒಪ್ಪಿಕೊಂಡೆ ಕೂಡ. ಮುಂದಿನ ಅಕ್ಟೋಬರಿಗೆ ಇನ್ನೊಂದೇ ಸಲ ನೋಡುತ್ತೇನೆ, ಆಗಲೂ ಆಗದಿದ್ದರೆ ಸೈಕಲ್ ಮಾರಿಬಿಡುತ್ತೇನೆ ಎಂದ.

ಹೊಸ ಪಟ್ಟಿ ಮಾಡಿದೆ. ಮಂಗಳವಾರ ಮತ್ತು ಶನಿವಾರ ಸ್ಟ್ರೆಂತ್. ಜೋರು ಓಟವಿದ್ದ ದಿನವೇ, ಓಟವಾಗಿ ಆರು ತಾಸು ಬಿಟ್ಟು ಭಾರ ಎತ್ತಬೇಕು. ಮರುದಿನ ಹಗುರವಾದ ಈಜು ಮಾತ್ರ. ಕಷ್ಟವನ್ನೆಲ್ಲ ಒಂದೇ ದಿನಕ್ಕೆ ಸೇರಿಸಿದರೆ ಮೈಗೆ ಸುಧಾರಿಸಿಕೊಳ್ಳಲು ಪೂರ್ತಿ ಒಂದು ದಿನ ಸಿಗುತ್ತದೆ. ರಾತ್ರಿ ಶಿಫ್ಟಿನ ವಾರ ಎರಡರ ಬದಲು ಒಂದೇ ಸಲ. ಹಟ್ಟಿಯಲ್ಲೇ ಜಿಮ್ ಇತ್ತು, ಅಲ್ಲಿಗೆ ಹೋಗು ಎಂದೆ.

ದಿನವೂ ಪಟ್ಟಿಯ ಫೋಟೋ ಕಳಿಸುತ್ತಿದ್ದ. ಈಜಿಗೆ ಗುರುತು, ಸೈಕಲ್ಲಿಗೆ ಗುರುತು, ಓಟಕ್ಕೆ ಗುರುತು. ಮಂಗಳವಾರ, ಶನಿವಾರದ ಸ್ಟ್ರೆಂತ್ ಮನೆಗಳು ಮಾತ್ರ ಖಾಲಿ. ನಾಲ್ಕು ವಾರ ತಡೆದುಕೊಂಡು ಕೊನೆಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಅವನು ಹೇಳಿದ:

“ಭಾರ ಹೊತ್ತು ಕುಂತು ಏಳುವಾಗ ಹಿಂದ ಒಬ್ರು ನಿಂದ್ರಬೇಕಂತ ನೀವ ಬರ್ದೀರಿ. ಅಲ್ಲಿ ಎಲ್ಲಾರೂ ತಮ್ಮ ಜೋಡಿ ಕರ್ಕೊಂಡು ಬರ್ತಾರ. ನಾ ಯಾರಿಗೆ ಕರೀಲ್ರಿ?”

ಈಜಬಹುದು, ತುಳಿಯಬಹುದು, ಓಡಬಹುದು. ಮೂರಕ್ಕೂ ಇನ್ನೊಬ್ಬರು ಬೇಡ. ಅವನು ಈ ಆಟವನ್ನು ಆರಿಸಿಕೊಂಡದ್ದೇ ಅದಕ್ಕೆ ಎಂದು ಆಗ ಹೊಳೆಯಿತು. “ನಾ ನಿಂದ್ರತೀನಿ. ಮಂಗಳವಾರ ಬಾ,” ಎಂದೆ.

ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಚೌಕಟ್ಟು ಮಾಡಿಸಿ, ಎರಡೂ ಬದಿಗೆ ಅಡ್ಡ ಕಂಬಿ ಹಾಕಿಸಿದೆ. ಕೈಜಾರಿದರೆ ಭಾರ ಆ ಕಂಬಿಯ ಮೇಲೆ ಕೂರಬೇಕು. ನಲವತ್ತು ಕಿಲೋದಿಂದ ಶುರು ಮಾಡಿ ಎಂಟು ತಿಂಗಳಲ್ಲಿ ಎಂಬತ್ತೈದಕ್ಕೆ ಬಂದ. ಎಡಗಾಲಿನ ಲೆಕ್ಕ ಮೂರರಿಂದ ಹನ್ನೆರಡಕ್ಕೆ ಏರಿತು. ನನ್ನ ತೂಕ ಐವತ್ತೆರಡು ಕಿಲೋ, ಅವನು ಬಿದ್ದರೆ ನಾನೇನು ಹಿಡಿಯುತ್ತಿದ್ದೆ? ಕಾಯುತ್ತಿದ್ದದ್ದು ಕಂಬಿಗಳು. ಅದು ಅವನಿಗೂ ಗೊತ್ತಿತ್ತು. ಆದರೂ ನಾನು ಬಂದು ಹಿಂದೆ ನಿಲ್ಲುವವರೆಗೆ ಒಂದು ಸಲವೂ ಭಾರಕ್ಕೆ ಹೆಗಲು ಕೊಡಲಿಲ್ಲ. ಎಂದಿನಿಂದಲೋ ನನ್ನನ್ನು ಅಕ್ಕಾರ ಎನ್ನತೊಡಗಿದ್ದ. ಮುಗಿದ ಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದೆವು, ಮಾತು ಕಡಿಮೆ. ಮಂಗಳವಾರ, ಶನಿವಾರ ನಾನು ಅರ್ಧ ಲೀಟರ್ ಹಾಲು ಹೆಚ್ಚು ತರುತ್ತಿದ್ದೆ. ಆ ಎರಡು ದಿನಗಳನ್ನು ನಾನೂ ಎದುರುನೋಡುತ್ತಿದ್ದೆ.

ಸ್ಪರ್ಧೆಗೆ ಹತ್ತು ದಿನ ಮುಂಚೆ ಭಾರ ಎತ್ತುವುದನ್ನು ನಿಲ್ಲಿಸಬೇಕು, ಮೈ ಹಗುರಾಗಬೇಕು. ಕೊನೆಯ ಮಂಗಳವಾರ ಅವನು, “ಅಲ್ಲಿ ಎಲ್ಲಾರ ಮನ್ಯಾಗಿಂದ ಮಂದಿ ಬರ್ತಾರ್ರಿ ಅಕ್ಕಾರ,” ಎಂದ. ಸೈಕಲ್ಲಿಗೆ ಹೆಚ್ಚಿನ ಟ್ಯೂಬ್ ಇಟ್ಟುಕೊಳ್ಳಲು ಮರೆಯಬೇಡ ಎಂದು ನಾನು ಹೇಳಿದೆ.

2023ರ ಅಕ್ಟೋಬರಿನ ಆ ಭಾನುವಾರ ಹದಿನೈದು ತಾಸು ಇಪ್ಪತ್ತು ನಿಮಿಷಕ್ಕೆ ಮುಗಿಸಿದ. ನಾನು ಊಟಕ್ಕೆ ಕುಳಿತಿದ್ದಾಗ ಫೋನ್ ಬಂತು.

“ಮುಗೀತ್ರಿ ಅಕ್ಕಾರ. ಎಡಗಾಲು ಏನೂ ಅನ್ನಲಿಲ್ಲ.”

ಹಿಂದೆ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು, ಜನ ಚಪ್ಪಾಳೆ ಹೊಡೆಯುತ್ತಿದ್ದರು. ನಿನ್ನ ಹತ್ತಿರ ಯಾರಿದ್ದಾರೆ ಎಂದು ಕೇಳಿದೆ. ಕೇಳಬಾರದಿತ್ತು.

“ಯಾರಿಲ್ರಿ. ಸ್ವಲ್ಪೊತ್ತು ಫೋನ್ ಇಡಬ್ಯಾಡ್ರಿ.”

ಇಡಲಿಲ್ಲ. ನನ್ನ ತಟ್ಟೆಯ ಅನ್ನ ಆರಿತು. ಆ ಭಾನುವಾರ ನನಗೆ ಒಬ್ಬ ರೋಗಿಯೂ ಇರಲಿಲ್ಲ, ಆ ಊರಿಗೆ ಬಸ್ಸೂ ಇತ್ತು. ವರ್ಷದ ಒಂದೊಂದು ದಿನಕ್ಕೂ ಪಟ್ಟಿ ಬರೆದವಳಿಗೆ ಆ ಒಂದು ದಿನ ತಾನೆಲ್ಲಿರಬೇಕೆಂದು ಹೊಳೆಯಲಿಲ್ಲ. ಆ ತಪ್ಪು ನನ್ನನ್ನು ಈಗಲೂ ಚುಚ್ಚುತ್ತದೆ.

ಈಗ ಇಂಥವರು ಆಗೊಮ್ಮೆ ಈಗೊಮ್ಮೆ ಬರುತ್ತಾರೆ. ಎಷ್ಟು ಕಿಲೋ, ಎಷ್ಟು ಸಲ ಎಂಬುದನ್ನು ಆಮೇಲೆ ಬರೆಯುತ್ತೇನೆ. ಭಾರ ಎತ್ತುವಾಗ ಹಿಂದೆ ಯಾರು ನಿಲ್ಲುತ್ತಾರೆ, ಮುಗಿಸುವ ದಿನ ಮುಂದೆ ಯಾರು ನಿಲ್ಲುತ್ತಾರೆ ಎಂದು ಮೊದಲು ಕೇಳುತ್ತೇನೆ. ಯಾರೂ ಇಲ್ಲ ಎಂದರೆ, ಎರಡೂ ಕಡೆ ನನ್ನ ಹೆಸರು ಬರೆಯುತ್ತೇನೆ.